ಬ್ರೆಜಿಲಿನ ಕಡ್ಡಿ

ಆ ಗಬ್ಬದ ಕಡಸಿನ ಹೊಟ್ಟೆ ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಬಾಗೂರಿನಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು, ಊರಿನವರೆಲ್ಲ ಅಜ್ಜಿ ಎಂದೇ ಕರೆಯುವ ಮುದುಕಿಯ ಮನೆ. ತಾಯಿ ಸತ್ತ ಎಳೆಗರುವಿಗೆ ಬಾಟಲಿ ಹಾಲು ಕುಡಿಸಿ ಅಜ್ಜಿ ಬೆಳೆಸಿದ ನಾಟಿ ಕಡಸು ಅದು. ಗಿಡ್ಡ, ಕಪ್ಪು, ಮೂಗಿನ ಮೇಲೆ ಸಿಟ್ಟು. ಅದಕ್ಕೇನಾದರೂ ಆದರೆ ಕಾರಣ ನಾನು ಎಂಬುದು ಊರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನಾನು ಊರೂರು ತಿರುಗಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಬೈಕಿನ ಹಿಂದೆ ಕೊರೆಯುವ ನೈಟ್ರೋಜನ್ ದ್ರವದ ಕ್ಯಾನು, ಅದರೊಳಗೆ ಹೋರಿಗಳ ವೀರ್ಯ ತುಂಬಿದ ತೆಳ್ಳನೆಯ ಕಡ್ಡಿಗಳು. ಚಿತ್ರದುರ್ಗದಲ್ಲಿ ನಡೆದ ತರಬೇತಿಯಲ್ಲಿ ಅಧಿಕಾರಿಯೊಬ್ಬರು ಬ್ರೆಜಿಲಿನ ಕಥೆ ಹೇಳಿದರು. ನಮ್ಮ ಗುಜರಾತಿನ ಗಿರ್ ತಳಿಯ ಹಸುಗಳು ಮುತ್ತಾತಂದಿರ ಕಾಲದಲ್ಲೇ ಹಡಗು ಹತ್ತಿ ಅಲ್ಲಿಗೆ ಹೋಗಿದ್ದವಂತೆ. ಅಲ್ಲಿಯವರು ಸಾಕಿ, ಆರಿಸಿ, ಹಾಲಿನ ಹೊಳೆಯನ್ನೇ ಹರಿಸಿದರಂತೆ. ಈಗ ಎರಡೂ ದೇಶಗಳಿಗೆ ಭಾರಿ ದೋಸ್ತಿ. ನಮ್ಮ ಔಷಧಿ ಅಲ್ಲಿಗೆ, ಅವರ ಸೋಯಾ ಎಣ್ಣೆ ಇಲ್ಲಿಗೆ, ಜೊತೆಗೆ ಗಿರ್ ಹೋರಿಗಳ ಕಡ್ಡಿಯೂ. ಪರದೆಯ ಮೇಲೆ ಎರಡೂ ಕಡೆಯ ನಾಯಕರು ಕೈ ಕುಲುಕುತ್ತಿದ್ದರು. ಅವರಿಬ್ಬರ ನಡುವೆ ನಾನೇ ನಿಂತಷ್ಟು ಬೀಗಿದೆ. ಕೆಲವು ಕಡ್ಡಿ ನನಗೂ ಸಿಕ್ಕವು. ಕರು ದಪ್ಪ ಬರುತ್ತದೆ, ದೊಡ್ಡ ಮೈಯ ಹಸುಗಳಿಗೆ ಮಾತ್ರ ಎಂದು ಅಧಿಕಾರಿ ಎರಡು ಸಲ ಹೇಳಿದ್ದರು.

ಮುಂದಿನ ವಾರವೇ ಅಜ್ಜಿ ಕರೆದಳು. "ಕಡಸು ಬೆದೆಗೆ ಬಂದೈತೆ ಕಣಪ್ಪ. ನಾಟಿದೇ ಹಾಕು, ಅದರ ಮೈಯೇ ಇಷ್ಟೈತೆ."

"ಆಯ್ತು ಅಜ್ಜಿ" ಎಂದೆ. ಕ್ಯಾನಿನ ಮುಚ್ಚಳ ತೆಗೆದಾಗ ಕೈ ಹೋದದ್ದು ಬ್ರೆಜಿಲಿನದಕ್ಕೆ. ಮರೆತು ಹೋದದ್ದಲ್ಲ. ಊರಿನ ಮೊದಲ ಗಿರ್ ಕರು ನನ್ನ ಕೈಯಿಂದಲೇ ಬರಲಿ, ಅಜ್ಜಿ ನೋಡಿ ಬೆರಗಾಗಲಿ ಎಂಬ ಹುಚ್ಚು.

ಗಬ್ಬ ನಿಂತಿತು. ತಿಂಗಳು ತುಂಬಿದಂತೆಲ್ಲ ಅಜ್ಜಿಗೆ ಸಂಭ್ರಮ, ನನಗೆ ದಿಗಿಲು. "ನೋಡು, ಹೆಂಗೆ ತುಂಬ್ಕಂಡೈತೆ" ಎಂದು ಕರೆದು ತೋರಿಸುವಳು. ಇಷ್ಟು ಕಿರಿದಾದ ಸೊಂಟದಿಂದ ಆ ಕರು ಹೊರಬರುವುದು ಹೇಗೆ? ಕರು ಇನ್ನೂ ದಪ್ಪವಾಗದಿರಲೆಂದು, ಹಿಂಡಿ ಕಮ್ಮಿ ಹಾಕು ಎಂದೆ ಒಮ್ಮೆ. ಯಾಕೆ ಎಂದು ಕೇಳಿದ್ದಕ್ಕೆ ಏನೋ ಸುಳ್ಳು ಹೇಳಿದೆ. ಆಮೇಲೆ ಅವಳ ಮನೆ ತಪ್ಪಿಸಿ ಕೆರೆ ದಾರಿಯಲ್ಲಿ ಸುತ್ತಿ ಬರತೊಡಗಿದೆ.

ಒಂದು ಬೆಳಿಗ್ಗೆ ಕಡಸಿಗೆ ಈಯುವ ನೋವು ಶುರುವಾಗಿ ಅಜ್ಜಿ ನನಗೆ ಹೇಳಿಕಳಿಸಿದಳು. ದನದ ಡಾಕ್ಟರಿಗೆ ಫೋನು ಮಾಡಿದರೆ ಹೊಳಲ್ಕೆರೆ ಕಡೆ ಕ್ಯಾಂಪಿನಲ್ಲಿದ್ದರು. "ತಡ ಆಗ್ತೈತೆ, ನೀವೇ ನಿಧಾನಕ್ಕೆ ಎಳೀರಿ" ಎಂದರು. ಮುಂಗಾಲು ಎರಡೂ ಕಂಡವು, ತಲೆ ಬರಲಿಲ್ಲ. ಕಾಲು ಹಿಡಿದಾಗಲೇ ಗೊತ್ತಾಯಿತು, ಕರು ದಪ್ಪ. ಕಡಸು ಕೂಗುವುದನ್ನೂ ಬಿಟ್ಟಿತು. ಅಜ್ಜಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಆಯ್ತು ಕಣವ್ವ, ಆಯ್ತು" ಎನ್ನುತ್ತಿದ್ದಳು. ಹೆಂಡತಿಯ ಹೆರಿಗೆಯಲ್ಲೂ ನಾನು ಇಷ್ಟು ಹೆದರಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ.

ಹಗ್ಗ ಕಟ್ಟಿ, ಅದು ತಿಣುಕಿದಾಗಲೆಲ್ಲ ಎಳೆದು, ಮಧ್ಯಾಹ್ನದ ಹೊತ್ತಿಗೆ ಕರು ಬಂತು. ಬದುಕಿತ್ತು. ಗಿರ್ ತಳಿಯದೇ ಉಬ್ಬಿದ ಹಣೆ, ಜೋತುಬಿದ್ದ ಉದ್ದನೆಯ ಕಿವಿ. ಅಜ್ಜಿ ಆ ಕಿವಿ ನೋಡಿದಳು, ನನ್ನನ್ನು ನೋಡಿದಳು, ಕರು ಒರೆಸಲು ಗೋಣಿಚೀಲ ತಂದಳು. ತಾಯಿ ಮಾತ್ರ ಏಳಲಿಲ್ಲ. ಸಂಜೆ ಬಂದ ಡಾಕ್ಟರು, ಹಿಂಗಾಲಿನ ನರಕ್ಕೆ ಪೆಟ್ಟಾಗಿದೆ, ಎದ್ದರೆ ಎದ್ದೀತು ಎಂದು ಇಂಜೆಕ್ಷನ್ ಕೊಟ್ಟು ಹೋದರು.

ಎರಡು ದಿನ ಕೊಟ್ಟಿಗೆಯಲ್ಲೇ ಇದ್ದು ಅದರ ಮಗ್ಗುಲು ಹೊರಳಿಸಿದೆ, ಕಾಲು ತಿಕ್ಕಿದೆ. ತುಸು ಕಣ್ಣು ಮುಚ್ಚಿದರೂ ಸತ್ತೇಹೋಯಿತೆಂದು ಬೆಚ್ಚಿ ಅದರ ಮೂಗಿಗೆ ಕೈ ಹಿಡಿಯುತ್ತಿದ್ದೆ. ಮೂರನೇ ದಿನ ಬೆಳಿಗ್ಗೆ ಅದು ತಾನಾಗಿಯೇ ಎರಡು ಸಲ ಕುಸಿದು, ಕೊನೆಗೆ ಎದ್ದು ನಿಂತಿತು. ನಾನು ಗೋದಲಿ ಪಕ್ಕ ಕೂತು ಅತ್ತುಬಿಟ್ಟೆ. ಅಳುತ್ತಲೇ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ನಿನಗೆ ಒಳ್ಳೆಯದಾಗಲಿ ಅಂತಲೇ ಹಾಕಿದ್ದು ಎಂದೂ ಸೇರಿಸಿದೆ.

"ಕೇಳಿದ್ರೆ ಬ್ಯಾಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ ನೀನು, ಅಲ್ವೇನಪ್ಪ?" ಎಂದಳು ಅಜ್ಜಿ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ಹಸುವಿಗೆ ಹುಲ್ಲು ಹಾಕಿ ಹೊರಬಂದೆ.

ಕೆಲವು ತಿಂಗಳ ಮೇಲೆ ಹಸು ಮತ್ತೆ ಬೆದೆಗೆ ಬಂತು. ನನ್ನ ಬೈಕು ಮನೆ ಮುಂದೆಯೇ ನಿಂತಿತ್ತು. ಅಜ್ಜಿ ಹಗ್ಗ ಹಿಡಿದು, ನಮ್ಮ ಬಾಗಿಲ ಮುಂದೆಯೇ ಹಾದು, ಹಸುವನ್ನು ಹೊಸದುರ್ಗದ ಪಶು ಆಸ್ಪತ್ರೆಗೆ ನಡೆಸಿಕೊಂಡು ಹೊರಟಳು.

"ಬಿಸಿಲೈತೆ ಅಜ್ಜಿ, ಅಷ್ಟು ದೂರ..." ಎಂದೆ.

"ಐತೆ ಕಣಪ್ಪ" ಎಂದು ಮುಂದೆ ನಡೆದಳು.