ಅಪ್ಪ, ಮಾವ ಮತ್ತು ಯೂರೋಪಿನ ಜಂಟಿ ಹೇಳಿಕೆ

೧೯೭೯ರಲ್ಲಿ ಯೂರೋಪಿನ ಒಂಬತ್ತು ದೇಶಗಳ ಜನ ತಮ್ಮೆಲ್ಲರಿಗೂ ಸೇರಿದ ಒಂದು ಪಾರ್ಲಿಮೆಂಟಿಗೆ ಮೊದಲ ಸಲ ನೇರವಾಗಿ ಓಟು ಹಾಕಿದರು. ಅದಕ್ಕೂ ಮುಂಚೆ ಅಲ್ಲಿನ ಸಮಾಜವಾದಿ ಪಕ್ಷಗಳು ಒಟ್ಟಾಗಿ ಹೊರಡಿಸಿದ್ದ ಹೇಳಿಕೆಯ ಒಂದು ಇಂಗ್ಲಿಷ್ ಪ್ರತಿ ನಮ್ಮ ಜಯನಗರದ ಮನೆಗೆ ಹಡಗಿನ ಟಪಾಲಿನಲ್ಲಿ ಬಂತು. ಬರುವಷ್ಟರಲ್ಲಿ ಅಲ್ಲಿ ಚುನಾವಣೆಯೇ ಮುಗಿದಿತ್ತು. ಅಪ್ಪನಿಗೆ ಅದೇನೂ ಲೆಕ್ಕಕ್ಕಿರಲಿಲ್ಲ. ರಿಟೈರ್ಡ್ ಮೇಷ್ಟ್ರು, ಹಳೇ ಸಮಾಜವಾದಿ. ಭಾನುವಾರದ ಅಧ್ಯಯನ ಕೂಟದಲ್ಲಿ ಓದಬೇಕು, ಕನ್ನಡ ಮಾಡಿಕೊಡು ಅಂತ ನನಗೆ ಗಂಟುಬಿದ್ದರು.

ಅದೇ ಹೊತ್ತಿಗೆ ನಮ್ಮ ದೇಶದ ಸಮಾಜವಾದಿಗಳು ಒಡೆದು ಹೋಳಾಗಿದ್ದರು. ನಮ್ಮ ಮನೆಯವರೂ. ಬನಶಂಕರಿಯಲ್ಲಿದ್ದ ನನ್ನ ಸೋದರಮಾವ, ಫ್ಯಾಕ್ಟರಿ ಯೂನಿಯನ್ನಿನ ಮುಖಂಡ, ಆ ಕಡೆ ಹೋದ. ಅಪ್ಪ ಈ ಕಡೆ ಉಳಿದರು. ಕೂಟದ ಸಭೆಯಲ್ಲಿ ಒಬ್ಬರನ್ನೊಬ್ಬರು ದ್ರೋಹಿ ಅಂತ ಕರೆದು, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೂ ಇದ್ದರು. ಆಮೇಲೆ ಮಾತಿಲ್ಲ ಕತೆಯಿಲ್ಲ.

ಕಾರ್ತಿಕದಲ್ಲಿ ನನ್ನ ಮದುವೆ. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ನನಗಿದ್ದದ್ದು ಒಬ್ಬನೇ ಮಾವ. ಅವನ ಕೈ ಹಿಡಿಯದೆ ಮಂಟಪ ಹತ್ತುವುದನ್ನು ನೆನೆದರೇ ಅಳು ಬರುತ್ತಿತ್ತು. ಅಪ್ಪ ಬರೆದ ಲಗ್ನಪತ್ರಿಕೆಯ ಕರಡಿನಲ್ಲಿ ಅವನ ಹೆಸರೇ ಇರಲಿಲ್ಲ. "ಬೇರೆ ಪಕ್ಷದವರನ್ನ ಹೇಗೆ ಹಾಕೋದು?" ಅಂದರು, ಮದುವೆಯೂ ಕಾರ್ಯಕಾರಿ ಸಮಿತಿಯ ಸಭೆ ಅನ್ನುವ ಹಾಗೆ.

ಒಂದು ಸಂಜೆ ಅನುವಾದ ಓದಿ ಹೇಳುತ್ತಿದ್ದೆ. ಅಮ್ಮ ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ಅಪ್ಪನಿಗೆ ಹಿಗ್ಗು. "ನೋಡು, ಯುದ್ಧದಲ್ಲಿ ಒಬ್ಬರ ಊರನ್ನ ಒಬ್ಬರು ಸುಟ್ಟವರು. ಈಗ ಒಟ್ಟಿಗೆ ಕೂತು ಬರೆದಿದಾರೆ."

ಅಮ್ಮ ನನ್ನನ್ನು ಕೇಳಿದಳು: "ಅವ್ರಿಗೆಲ್ಲಾ ಎಲ್ಲಾದ್ರಲ್ಲೂ ಒಪ್ಗೆ ಇತ್ತೇನೇ?"

"ಎಲ್ಲಿ ಬಂತಮ್ಮ. ಬೇಕಾದಷ್ಟು ಜಗಳ ಇದೆ. ಒಪ್ಪಿದ್ದನ್ನ ಮಾತ್ರ ಅಚ್ಚು ಹಾಕ್ಸಿದಾರೆ. ಮಿಕ್ಕಿದ್ದನ್ನ ಅವರವರ ದೇಶದಲ್ಲಿ ಹೇಳ್ಕೋತಾರೆ."

ಅಮ್ಮ ಅಪ್ಪನ ಕಡೆ ತಿರುಗಿದಳು. "ಹಾಗಾದ್ರೆ ನೀವೂ ನನ್ನ ತಮ್ಮನೂ ಒಪ್ಪಿದ್ದಷ್ಟನ್ನೇ ಬರೀರಿ. ಎಲ್ಲೋ ಇರೋರನ್ನ ಹೊಗಳ್ತೀರಿ, ಬನಶಂಕರಿ ನಿಮಗೆ ದೂರ."

ಮಾರನೇ ಬೆಳಿಗ್ಗೆ ಅಪ್ಪ ಲಗ್ನಪತ್ರಿಕೆಯ ಕರಡನ್ನು ನನ್ನ ಕೈಗಿಟ್ಟು, ಮಾವನಿಗೆ ತೋರಿಸಿ ಬಾ ಅಂದರು.

ಮುನಿಸಿಕೊಂಡ ಸೋದರಮಾವ ಬೇರೆ ಮನೆಯಲ್ಲಾದರೆ ಪತ್ರಿಕೆ ಹರಿದು ಬಿಸಾಡುತ್ತಿದ್ದ. ನಮ್ಮವನು ಕೆಂಪು ಪೆನ್ಸಿಲ್ ಹಿಡಿದು, ಕ್ರಮಸಂಖ್ಯೆ ಹಾಕಿ ನಾಲ್ಕು ತಿದ್ದುಪಡಿ ಮಂಡಿಸಿದ. ಅಪ್ಪ ಅದಕ್ಕೆ ಮತ್ತೆರಡು ಸೇರಿಸಿದರು. ಮೂರು ಭಾನುವಾರ ನಾನು ಬಸ್ಸಿನಲ್ಲಿ ಅಲ್ಲಿಗೂ ಇಲ್ಲಿಗೂ ಓಡಾಡಿದೆ. ನನ್ನ ಮದುವೆಗೆ ನಾನೇ ರಾಯಭಾರಿ, ಸಿಟ್ಟು ನೆತ್ತಿಗೇರಿತ್ತು. ಕೊನೆಗೆ ಒಪ್ಪಿಗೆಯಾದ ಎರಡು ಸಾಲಿಗೆ ಬಂದು ನಿಂತರು. ಹೆಣ್ಣನ್ನು ಕರೆತರುವವನು ಸೋದರಮಾವ. ಚಪ್ಪರದ ಕೆಳಗೆ ಪಕ್ಷದ ಮಾತಿಲ್ಲ. ಇಬ್ಬರೂ ರುಜು ಹಾಕಿದರು, ತಾರೀಖು ಸಮೇತ. ಅವತ್ತು ನಾನು ಹೊಟ್ಟೆತುಂಬ ಊಟ ಮಾಡಿದೆ.

ಮದುವೆಯ ಬೆಳಿಗ್ಗೆ ಮುಹೂರ್ತಕ್ಕೆ ಹತ್ತು ನಿಮಿಷ ಇದ್ದಾಗಲೂ ಮಾವ ಬಂದಿರಲಿಲ್ಲ. ಪುರೋಹಿತರು ಗಡಿಯಾರ ನೋಡಿಕೊಂಡು, ಚಿಕ್ಕಪ್ಪನೇ ಕರೆತರಲಿ ಅಂದರು.

"ಆಗಲ್ಲ. ಅವನು ಬರ್ತೀನಿ ಅಂತ ಬರ್ಕೊಟ್ಟಿದಾನೆ," ಅಂದರು ಅಪ್ಪ. ಹೇಳಿ, ಛತ್ರದ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾ ನಿಂತರು. ಅಷ್ಟು ದಿನ ದ್ರೋಹಿ ಅಂದವನ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು ಅನ್ನುವುದು ನನಗೆ ಗೊತ್ತಾದದ್ದೇ ಆಗ.

ಮಾವ ಸೈಕಲ್ಲನ್ನು ಗೋಡೆಗೆ ಎಸೆದು ಓಡಿಬಂದ. "ಚೈನು ಕಳಚ್ತು ಭಾವ," ಅಂದ. ಕೈಯೆಲ್ಲಾ ಗ್ರೀಸು. ಅಪ್ಪ ತಮ್ಮ ಹೊಸ ಶಲ್ಯವನ್ನೇ ಕೊಟ್ಟರು. ಅವನು ಅದರಲ್ಲೇ ಕೈ ಒರೆಸಿಕೊಂಡು ನನ್ನ ಕೈ ಹಿಡಿದ.

ಅಮ್ಮ ನಸುಕಿನಿಂದ ಒಂದು ಗಳಿಗೆಯೂ ಕೂತಿರಲಿಲ್ಲ. ನಾವಿಬ್ಬರೂ ಮಂಟಪದ ಕಡೆ ಹೊರಟದ್ದನ್ನು ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.