ಡಾಕ್ಟರು ಹೇಳದ ಮಾತು

ಡಾಕ್ಟರು ಹಾಗೆ ಹೇಳಲೇ ಇಲ್ಲ. ನಾನು ಸುಳ್ಳು ಹೇಳಿದೆ. ನನ್ನ ತಮ್ಮನ ಔಷಧಿ ನಿಲ್ಲಿಸಿದ್ದು ಡಾಕ್ಟರಲ್ಲ, ಅವನ ತೂಕವೂ ಅಲ್ಲ — ನಾನು, ಅವನ ಒಡಹುಟ್ಟಿದ ಅಕ್ಕ. ಮೂರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನ ಎದುರೇ ಕೂತು ಉಂಡಿದ್ದೇನೆ, ಇನ್ನೊಂದು ಮುದ್ದೆ ಹಾಕಿಸಿಕೋ ಎಂದು ಬಲವಂತವನ್ನೂ ಮಾಡಿದ್ದೇನೆ. ನೆನೆದರೆ ನನ್ನ ಮೈ ಉರಿಯುತ್ತದೆ. ಆ ಉರಿ ತಡೆಯಲಾಗದೆ ಬರೆಯುತ್ತಿದ್ದೇನೆ. ಓದಿ ಸಮಾಧಾನ ಹೇಳಲು ಯಾರೂ ಬರಬೇಡಿ.

ಕೊಳ್ಳೇಗಾಲದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಯಜಮಾನರದು ರೇಷ್ಮೆ ಮಗ್ಗ. ಗಂಡ ಸೀರೆ ನೇಯುತ್ತಾನೆ, ಹೆಂಡತಿ ರವಿಕೆ ಹೊಲಿಯುತ್ತಾಳೆ, ಹೊರಗಿನವರಿಗೆ ಒಂದು ಕಾಸೂ ಬಿಡುವುದಿಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ತವರು ಯಳಂದೂರಿನ ಮಗ್ಗುಲಲ್ಲಿ. ಅಲ್ಲಿ ಅವ್ವ ಇದ್ದಾಳೆ. ನನಗಿಂತ ತುಂಬ ಚಿಕ್ಕವನಾದ ತಮ್ಮ ಇದ್ದಾನೆ. ಅವನು ಹುಟ್ಟಿದಾಗ ಸೂಲಗಿತ್ತಿ ಹೆಣ್ಣು ಅಂದಳು, ಊರು ಹೆಣ್ಣು ಅಂದಿತು, ನಾನೂ ತಂಗಿ ಎಂದೇ ಎತ್ತಿ ಆಡಿಸಿದೆ. ದೊಡ್ಡವನಾದ ಮೇಲೆ ಒಂದು ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿಕೊಂಡು, ತಾನು ಗಂಡು ಎಂದು ನನಗೊಬ್ಬಳಿಗೇ ಹೇಳಿದ. ಮಾದೇಶ ಅಂತ ಕರಿ ಅಕ್ಕ, ಅಂದ. ಹಳೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಯಾರಿಗೂ ಬೇಕಾಗಿಲ್ಲ.

ಆವತ್ತು ನಾನು ಒಳ್ಳೆಯವಳಾಗಿದ್ದೆ. ಹಾಗೆ ಹೇಳಿಕೊಳ್ಳಲೂ ಈಗ ನಾಚಿಕೆ. ಮೈಸೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಅವನನ್ನು ಕರೆದುಕೊಂಡು ಹೋದವಳು ನಾನೇ. ಅವರು ಅವನಿಗೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಶುರು ಮಾಡಿದರು. ದನಿ ಒಡೆಯುತ್ತದೆ, ಮೀಸೆ ಮೂಡುತ್ತದೆ, ತಿಂಗಳಿನದು ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ಮುಂದೆ ಎದೆಯನ್ನು ಗಂಡಿನಂತೆ ಚಪ್ಪಟೆ ಮಾಡುವ ಆಪರೇಷನ್ ಆಗಬೇಕಾದರೆ ತೂಕ ಇಳಿಯಬೇಕು ಎಂದು ವಾರಕ್ಕೊಮ್ಮೆ ಹಾಕಿಕೊಳ್ಳುವ ತೂಕ ಇಳಿಸುವ ಇಂಜೆಕ್ಷನ್ನನ್ನೂ ಕೊಟ್ಟರು. ಅವನು ಆ ಆಪರೇಷನ್ನಿಗಾಗಿಯೇ ಬದುಕಿದ್ದ. ಎದೆ ಕಾಣದಿರಲೆಂದು ಬೇಸಿಗೆಯಲ್ಲೂ ಎರಡೆರಡು ಬಿಗಿ ಅಂಗಿ ಹಾಕಿಕೊಂಡು ಗೂಡ್ಸ್ ಆಟೋ ಓಡಿಸುತ್ತ, ಹಳ್ಳಿಗಳಿಂದ ರೇಷ್ಮೆಗೂಡಿನ ಮೂಟೆ ಹೊತ್ತು ತರುತ್ತಿದ್ದ. ಬೆವರಿ ಬೆವರಿ ಎದೆಯ ಕೆಳಗೆ ಹುಣ್ಣಾಗಿತ್ತು. ನಾನು ನೋಡಿದ್ದೇನೆ.

ಮನೆಯವರಿಗೆ ಗೊತ್ತಿದ್ದದ್ದು ತೂಕದ ಇಂಜೆಕ್ಷನ್ ಒಂದೇ. ಇನ್ನೊಂದು ನಮ್ಮಿಬ್ಬರ ಗುಟ್ಟು. ದನಿ ಒಡೆದರೆ ಅವ್ವ ಶೀತ ಅಂದುಕೊಂಡು ಮೆಣಸಿನ ಕಷಾಯ ಕಾಯಿಸಿ ಕೊಡುತ್ತಿದ್ದಳು.

ಅವನ ಅಂಗಿಗಳನ್ನು ನಾನೇ ಹೊಲಿಯುತ್ತಿದ್ದೆ. ಎಲ್ಲ ಗೊತ್ತಿದ್ದೂ ಮಾಡಿದೆ ಎನ್ನುವುದಕ್ಕೆ ಇದೇ ಸಾಕ್ಷಿ. ಔಷಧಿ ಶುರುವಾದ ಕೆಲವು ತಿಂಗಳಿಗೆ ಪ್ಯಾಂಟಿನ ಸೊಂಟ ಹಿಡಿಸಿಕೊಡಬೇಕಾಯಿತು. ಸ್ವಲ್ಪ ದಿನ ಬಿಟ್ಟು ಮತ್ತೆ. ಅಂಗಿಯ ಭುಜ ಮಾತ್ರ ಬಿಗಿಯಾಗಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಹೊಲಿದೆ. ಊಟ ಅರ್ಧಕ್ಕರ್ಧ ಇಳಿದಿತ್ತು, ಸೊಂಟ ಕರಗುತ್ತಿತ್ತು, ತೋಳು ಹೆಗಲು ತುಂಬುತ್ತಿದ್ದವು. ಮೈ ಹೇಗೆ ಬದಲಾಗುತ್ತಿದೆ ಎಂದು ಅವನಿಗಿಂತ ಮೊದಲು ನನಗೆ ಗೊತ್ತಿತ್ತು. ಇಷ್ಟು ವರ್ಷ ಟೇಪು ಹಿಡಿದವಳಿಗೆ ಅಷ್ಟು ತಿಳಿಯುವುದಿಲ್ಲವೇ?

ಅಷ್ಟರಲ್ಲಿ ನನ್ನ ಮಗಳಿಗೆ ಹನೂರಿನ ಕಡೆಯ ಸಂಬಂಧ ಕೂಡಿಬಂತು. ಅದೇ ಹೊತ್ತಿಗೆ ಅವ್ವನಿಗೆ ಹಳೆಯ ಹರಕೆ ನೆನಪಾಯಿತು. ಈ ಮಗು ಉಳಿದರೆ ಬೆಟ್ಟದ ಮಾದಪ್ಪನಿಗೆ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆ ಎಂದು ಕಟ್ಟಿಕೊಂಡಿದ್ದ ಹರಕೆ. ಮನೆಯಲ್ಲಿ ಶುಭಕಾರ್ಯ ಇಟ್ಟುಕೊಂಡು ದೇವರ ಬಾಕಿ ಇರಬಾರದು ಎಂದು, ಬೀಗರಾಗುವವರನ್ನೂ ಸೇರಿಸಿಕೊಂಡು ಎಲ್ಲರೂ ಬೆಟ್ಟಕ್ಕೆ ಹೋದೆವು. ಅವನ ಹಳೆಯ ತೂಕಕ್ಕೆ ಸರಿಯಾಗಿ ಬೆಲ್ಲ ತಂದಿದ್ದಳು ಅವ್ವ. ಇಷ್ಟು ದಿನ ಇಂಜೆಕ್ಷನ್ ಹಾಕಿಸಿಕೊಂಡಿದೆ, ತೂಕ ಇಳಿದೇ ಇರುತ್ತದೆ, ಉಳಿದ ಬೆಲ್ಲ ಪ್ರಸಾದಕ್ಕಾಯಿತು ಎಂಬ ಲೆಕ್ಕ ಅವಳದು.

ಅವನು ಖುಷಿಯಿಂದಲೇ ತಕ್ಕಡಿಯಲ್ಲಿ ಕೂತ. ಪ್ಯಾಂಟು ಸಡಿಲವಾಗುತ್ತಿದೆ, ತೂಕವೂ ಇಳಿದಿರುತ್ತದೆ ಎಂದೇ ನಂಬಿದ್ದ. ಅತ್ತ ಬೆಲ್ಲ ಪೇರಿಸಿದರು. ಅವನ ತಟ್ಟೆ ಏಳಲಿಲ್ಲ. ತಂದಿದ್ದೆಲ್ಲ ಹಾಕಿದರು — ಏಳಲಿಲ್ಲ. ಅವ್ವ ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಓಡಿದಳು. ಅವಳು ಬರುವವರೆಗೆ ಅವನು ಆ ತಟ್ಟೆಯ ಮೇಲೆ, ಎಲ್ಲರ ನಡುವೆ, ಕಾಲು ಮಡಿಸಿಕೊಂಡು ಕೂತೇ ಇದ್ದ. ನಮ್ಮ ಚಿಕ್ಕವ್ವನಿಗೆ ಅಷ್ಟು ಸಿಕ್ಕಿದರೆ ಸಾಕಲ್ಲ.

“ಸೂಜಿ ಚುಚ್ಚುಸ್ಕಂಡು ಉಪಾಸ ಬಿದ್ದು ಇಳ್ದಿದ್ದು ಇಷ್ಟೇನವ್ವಾ? ಇನ್ನೊಸಿ ಇಳುದ್ರೆ ಬೆಟ್ಟದಲ್ಲಿ ಬೆಲ್ಲವೇ ಸಿಕ್ಕಕ್ಕಿಲ್ಲ ಕಣ್ರಿ!”

ಎಲ್ಲರೂ ನಕ್ಕರು. ಬೀಗರೂ ನಕ್ಕರು. ನಾನೂ ನಕ್ಕೆ — ಬೀಗರ ಮುಂದೆ ಮುಖ ಗಂಟಿಕ್ಕಬಾರದಲ್ಲ. ಆ ಚಿಕ್ಕವ್ವನ ಮೇಲೆ ನನಗೆ ಇವತ್ತಿಗೂ ಕೆಂಡದಂಥ ಕೋಪ. ನಮ್ಮವರಿಗೆ ಇನ್ನೊಬ್ಬರ ಮೈ ಎಂದರೆ ಚಾವಡಿ ಕಟ್ಟೆ. ಯಾರು ಬೇಕಾದರೂ ಕೂತು ಹರಟಬಹುದು. ದಪ್ಪಗಾದೆ, ಸಣ್ಣಗಾದೆ, ಕಪ್ಪಗಾದೆ. ಕ್ಷೇಮ ಕೇಳುವ ಮೊದಲೇ ತೂಕ ಕೇಳುತ್ತಾರೆ. ಆದರೆ ಚಿಕ್ಕವ್ವ ಆಡಿದ್ದು ಬರೀ ಬಾಯಿಮಾತು. ಅವಳಿಗಿಂತ ದೊಡ್ಡ ಕೆಟ್ಟ ಕೆಲಸ ನಾನು ಮಾಡಿದೆ.

ಬೆಟ್ಟದಿಂದ ಇಳಿದ ಮರುದಿನ ಅವನು ಅಂಗಡಿಗೆ ಬಂದ. ಕಣ್ಣು ಊದಿದ್ದವು. “ಡಾಕ್ಟ್ರಿಗೆ ನೀನೇ ಫೋನ್ ಮಾಡಕ್ಕ. ಕದ್ದು ತಿಂತಾವ್ನೆ ಅನ್ಕತರೆ. ಬೈಸ್ಕಳಕ್ಕೆ ನಂಗಾಗಕಿಲ್ಲ,” ಅಂದ.

ಅವನು ಟೀ ತರಲು ಹೋದಾಗ ಮಾಡಿದೆ. ಡಾಕ್ಟರು ಬೈಯಲಿಲ್ಲ. ಸಮಾಧಾನವಾಗಿ ಹೇಳಿದರು — ಶುರುವಿನ ತಿಂಗಳುಗಳಲ್ಲಿ ಹೀಗಾಗುವುದುಂಟು. ಟೆಸ್ಟೋಸ್ಟಿರಾನಿನಿಂದ ಮಾಂಸಖಂಡ ಬೆಳೆಯುತ್ತದೆ, ಮೈ ಸ್ವಲ್ಪ ನೀರು ಹಿಡಿಯುತ್ತದೆ. ಇನ್ನೊಂದು ಔಷಧಿ ಕೊಬ್ಬು ಇಳಿಸುತ್ತಿದ್ದರೂ ತಕ್ಕಡಿಯಲ್ಲಿ ಅದು ಕಾಣದೆ ಹೋಗಬಹುದು, ತೂಕ ಒಂದಿಷ್ಟು ಏರಲೂಬಹುದು. “ಬರೀ ತೂಕ ನೋಡಬೇಡಿ, ಸೊಂಟದ ಅಳತೆ ನೋಡಿ. ಎರಡನ್ನೂ ನಿಲ್ಲಿಸಬೇಡಿ. ಮುಂದಿನ ತಿಂಗಳು ಬಂದು ರಕ್ತ ಪರೀಕ್ಷೆ ಮಾಡಿಸಿ.” ಸೊಂಟದ ಅಳತೆ! ನನ್ನ ಕೊರಳಲ್ಲಿ ಟೇಪು ನೇತಾಡುತ್ತಿತ್ತು.

ಅವನು ಎರಡು ಲೋಟ ಹಿಡಿದುಕೊಂಡು ಬಂದ. ನನ್ನ ಮುಖವನ್ನೇ ನೋಡಿದ. ನನ್ನ ತಲೆಯಲ್ಲಿ ಆಗ ಇದ್ದದ್ದು ಮಗಳ ನಿಶ್ಚಿತಾರ್ಥ, ಹನೂರಿನ ಬೀಗರು, ಇವನ ಒಡೆದ ದನಿ, ಮೇಲ್ದುಟಿಯ ಮೇಲೆ ಮೂಡುತ್ತಿದ್ದ ಕಪ್ಪು. ನಾಳೆ ಮಂಟಪದಲ್ಲಿ ಯಾರಾದರೂ ‘ಹುಡುಗಿಯ ಚಿಕ್ಕಮ್ಮ ಯಾಕೆ ಹಿಂಗೆ’ ಎಂದು ಕೇಳಿದರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಳ್ಳೆಯ ಅಕ್ಕನಾಗಿಯೂ ಉಳಿಯಬೇಕು, ಆ ಔಷಧಿಯೂ ನಿಲ್ಲಬೇಕು.

“ಗಂಡಸ್ರ ಇಂಜೆಕ್ಸನ್ನಿಂದ್ಲೇ ತೂಕ ಏರ್ತಾ ಇರದಂತೆ. ಅದ ಮೊದ್ಲು ನಿಲ್ಸು ಅಂದವ್ರೆ. ತೂಕ ಇಳ್ದ ಮ್ಯಾಲೆ ಅವರೇ ಕರೀತಾರಂತೆ, ಅಲ್ಲಿಗಂಟ ಬರದು ಬ್ಯಾಡವಂತೆ.”

ಇಷ್ಟೇ. ತಡವರಿಸಲೂ ಇಲ್ಲ ನಾನು. ಅವನು ಲೋಟ ಕೆಳಗಿಟ್ಟು, “ನೀನೊಬ್ಳಾದ್ರೂ ನಿಜ ಏಳ್ತೀಯಲ್ಲಕ್ಕ,” ಅಂದ.

ನಿಲ್ಲಿಸಿದ. ತೂಕದ ಇಂಜೆಕ್ಷನ್ ಒಂದನ್ನೇ ಮುಂದುವರಿಸಿದ. ಆಗ ಏನಾಯಿತು ಗೊತ್ತೇ? ತೂಕ ಇಳಿಯಿತು. ನನ್ನ ಸುಳ್ಳಿಗೆ ತಕ್ಕಡಿಯೇ ಸಾಕ್ಷಿ ಹೇಳಿತು. ಅವ್ವನಿಗೆ ಸಂಭ್ರಮ. ಚಿಕ್ಕವ್ವ ನಿಶ್ಚಿತಾರ್ಥದ ದಿನ ಅವನ ಗಲ್ಲ ಹಿಂಡಿ, ‘ಈಗ ನೋಡು, ಎಣ್ಣುಮಗಳಂಗೆ ಆದೆ’ ಅಂದಳು. ಅವನು ಎದ್ದು ಹೋಗಿ ಛತ್ರದ ಹಿಂದೆ ನಿಂತುಕೊಂಡ. ನಿಂತ ತಿಂಗಳಿನದು ಮರಳಿ ಬಂದಿತ್ತು. ಬಂದ ದಿನಗಳಲ್ಲಿ ಆಟೋ ಹೊರಗೆ ತೆಗೆಯುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಕರಗಿದ್ದರಲ್ಲಿ ತೋಳೂ ಹೆಗಲೂ ಸೇರಿದ್ದವು. ಒಬ್ಬನೇ ಎತ್ತುತ್ತಿದ್ದ ಗೂಡಿನ ಮೂಟೆಗೆ ಈಗ ಇನ್ನೊಬ್ಬರು ಕೈ ಹಾಕಬೇಕಾಯಿತು. ನಾನೇ ಬಿಚ್ಚಿ ಅಗಲ ಮಾಡಿದ್ದ ಭುಜಗಳನ್ನು ನಾನೇ ಮತ್ತೆ ಹಿಡಿಸಿಕೊಟ್ಟೆ. ಡಾಕ್ಟರು ಕರೆಯಲಿಲ್ಲ ಎಂದು ಅವನು ಮೊದಲು ಕಾದ, ಆಮೇಲೆ ಅವರನ್ನು ಬೈದ. ನಡುನೀರಲ್ಲಿ ಕೈಬಿಟ್ಟರು ಅಂದ. ನಾನೂ ಅವನ ಜೊತೆ ಸೇರಿ ಬೈದೆ. ಹೌದು, ಬೈದೆ. ಮದುವೆ ಮುಗಿದು ಮಗಳು ಹನೂರಿಗೆ ಹೋದಳು. ಇನ್ನಾದರೂ ನಿಜ ಹೇಳಬಹುದಿತ್ತು. ಯಾವ ಬಾಯಿಂದ ಹೇಳಲಿ ಎಂದು ಮುಂದೂಡಿದೆ, ಮುಂದೂಡಿದೆ —

ಈ ಸಲದ ದೀಪಾವಳಿಗೆ ಮುಂಚೆ ಅವನು ಅಂಗಿಯ ಅಳತೆ ಕೊಡಲು ಬಂದಿದ್ದಾಗ ಫೋನು ಬಂತು. ಹನೂರಿನ ಕಿರಣ. ಅವನೂ ಇವನ ಹಾಗೆಯೇ ಗಂಡಾಗಿ ಬದುಕಲು ಹೊರಟವನು, ಅದೇ ಎರಡು ಔಷಧಿ ಶುರು ಮಾಡಿಕೊಂಡವನು. ಸರಿಯಾಗಿ ಹಾಕಿಸಿಕೊಂಡರೂ ತೂಕ ಏರುತ್ತಿದೆ, ಏನಣ್ಣ ಮಾಡುವುದು ಎಂದು ಕೇಳುತ್ತಿದ್ದ.

“ಲೇ, ಗಂಡಸ್ರ ಇಂಜೆಕ್ಸನ್ ನಿಲ್ಸ್‌ಬುಡ್ಲಾ,” ಅಂದ ಮಾದೇಶ. “ನಂಗೂ ಇಂಗೇ ಆಗಿತ್ತು. ಅದ ಬುಟ್ಟ ಮ್ಯಾಲೇ ಇಳ್ದದ್ದು. ಡಾಕ್ಟ್ರೇ ಏಳಿದ್ರು, ನಮ್ಮಕ್ಕನೇ ಕೇಳವ್ಳೆ. ತಕ, ಅಕ್ಕನ್ನೇ ಕೇಳು.”

ಫೋನನ್ನು ನನ್ನ ಕೈಗಿಟ್ಟ. ಆ ಕಡೆ ಒಬ್ಬ ಪರಿಚಯವೇ ಇಲ್ಲದವನು ‘ನಿಜಾನಾ ಅಕ್ಕ?’ ಎನ್ನುತ್ತಿದ್ದಾನೆ. ನಾನು ಏನಂದೆ ಎಂದು ಕೇಳಿ. ‘ಹೂಂ ಕಣಪ್ಪ’ ಅಂದೆ! ಒಬ್ಬನನ್ನು ಹಾಳು ಮಾಡಿದ್ದು ಸಾಲದೆಂದು ಇನ್ನೊಬ್ಬನಿಗೂ ಹೂಂ ಅಂದೆ. ಅವನು, ಸರಿ ಹಂಗಾರೆ ನಿಲ್ಲಿಸ್ತೀನಿ, ಎಂದು ಫೋನಿಟ್ಟ. ಮಾದೇಶ ನನ್ನ ಕಡೆ ನೋಡಿ, ಒಬ್ಬನಿಗೆ ಉಪಕಾರವಾಯಿತು ಎಂಬಂತೆ ನಕ್ಕ.

ಆ ನಗುವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಕಿರುಚಿದೆ. ಪಾಪ ಮಾಡಿದವಳು ನಾನು, ಕಿರುಚಿದ್ದು ಅವನ ಮೇಲೆ.

“ಡಾಕ್ಟ್ರು ಏಳ್ನಿಲ್ಲ ಕಣೋ! ನಿಲ್ಸ್‌ಬ್ಯಾಡಿ ಅಂದ್ರು. ಸೊಂಟ ನೋಡಿ ಅಂದ್ರು. ನಿಲ್ಸು ಅಂದವ್ಳು ನಾನು, ಮದ್ವೇಲಿ ಮರ್ವಾದೆ ಓಯ್ತದೆ ಅಂತ!”

ಅವನು ನನ್ನ ಕೈಯಿಂದ ಫೋನು ತೆಗೆದುಕೊಂಡು ಕಿರಣನಿಗೇ ಮಾಡಿದ. “ಲೇ, ನಿಲ್ಸ್‌ಬ್ಯಾಡ ಕಣ್ಲಾ. ನಾನೇಳಿದ್ದು ಸುಳ್ಳು. ಡಾಕ್ಟ್ರು ಅಂಗನ್ನೇ ಇಲ್ವಂತೆ. ನಿನ್ ಡಾಕ್ಟ್ರನ್ನ ನೀನೇ ಓಗಿ ಕೇಳು.” ಆ ಕಡೆಯಿಂದ, ಮತ್ಯಾರಣ್ಣ ಹಂಗಂದಿದ್ದು, ಎಂದು ಕಿರಣ ಕೇಳಿದ್ದು ನನಗೂ ಕೇಳಿಸಿತು.

ಮಾದೇಶ ನನ್ನ ಮುಖ ನೋಡಿಕೊಂಡೇ, “ನಮ್ಮಕ್ಕ,” ಅಂದ.

ಅಳತೆ ಕೊಡದೆ ಹೋದ. ಮತ್ತೆ ಬಂದಿಲ್ಲ. ಕಿರಣನ ಜೊತೆ ಮೈಸೂರಿಗೆ ಹೋಗಿ ಅದೇ ಡಾಕ್ಟರನ್ನು ಕಂಡಿದ್ದಾನೆ, ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಿದ್ದಾರೆ ಎಂದು ಗೊತ್ತಾಯಿತು. ಅವ್ವನಿಗೆ ತಾನು ಯಾರೆಂದು ಅವನೇ ಹೇಳಿದ್ದಾನೆ. ಅವ್ವ ಎರಡು ದಿನ ಉಣ್ಣಲಿಲ್ಲವಂತೆ, ಮೂರನೆಯ ದಿನ ಅವನ ಜೊತೆ ಉಂಡಳಂತೆ. ಯಾವುದಕ್ಕೆ ಹೆದರಿ ನಾನು ಇಷ್ಟೆಲ್ಲ ಮಾಡಿದೆನೋ ಅದು ಅಷ್ಟರಲ್ಲೇ ಮುಗಿಯಿತು. ಕಳೆದ ವರ್ಷಗಳನ್ನು ಮಾತ್ರ ಯಾವ ಡಾಕ್ಟರೂ ಅವನಿಗೆ ವಾಪಸು ಕೊಡಲಾರರು.

ಇದನ್ನು ಬರೆಯುವ ಮೊದಲು ಕಿರಣನ ಕೈಲಿ ಅವನನ್ನು ಕೇಳಿಸಿದೆ. ಅವನು ಹೇಳಿ ಕಳಿಸಿದ್ದು ಇಷ್ಟು: “ಬರ್ಕಳ್ಳಿ. ಆದ್ರೆ ನನ್ನ ಒಳ್ಳೇದುಕ್ಕೆ ಮಾಡ್ದೆ ಅಂತ ಮಾತ್ರ ಬರೀಬ್ಯಾಡ ಅನ್ನು.”

ಬರೆದಿಲ್ಲ, ಮಾದೇಶ. ನಿನ್ನ ಒಳ್ಳೆಯದಕ್ಕೆ ಮಾಡಲಿಲ್ಲ. ನನ್ನ ಒಳ್ಳೆಯದಕ್ಕೆ ಮಾಡಿದೆ.