ಕರೆಂಟ್ ಆಫೀಸಿನ ಅಳಿಯಂದಿರು

ಮೊನ್ನೆ ತಾಲ್ಲೂಕು ಕಚೇರಿಗೆ ಹೊರಟವನು ಅಭ್ಯಾಸಬಲದಿಂದ ಚೀಲಕ್ಕೆ ನಾಲ್ಕು ತೆಂಗಿನಕಾಯಿ ಹಾಕಿಕೊಂಡೆ. ನಗಬೇಡಿ. ತಿಪಟೂರು ಸೀಮೆಯಲ್ಲಿ ಹುಟ್ಟಿದವರಿಗೆ ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋಗಿ ಗೊತ್ತಿಲ್ಲ. ನೋಟು ಕೊಟ್ಟರೆ ಲಂಚ, ಕಾಯಿ ಕೊಟ್ಟರೆ ಮರ್ಯಾದೆ ಎಂದು ನಾವು ಬಹಳ ಕಾಲ ನಂಬಿದ್ದೆವು. ಸುಲಿದ ಕಾಯಿಯ ನಾರಿನ ವಾಸನೆ ಮೂಗಿಗೆ ಬಂದದ್ದೇ ತಡ, ದೊಡ್ಡಮ್ಮ ನೆನಪಾದಳು.

ಎಪ್ಪತ್ತರ ದಶಕದ ಕೊನೆ ಇರಬೇಕು. ನಮ್ಮೂರಿನ ಮೇಲಿನಕೇರಿಗೆ ಕುಡಿಯುವ ನೀರಿನ ಬೋರು ಕೊರೆದು, ಮೋಟಾರು ಇಳಿಸಿ, ನಲ್ಲಿಯನ್ನೂ ನಿಲ್ಲಿಸಿದ್ದರು. ಕರೆಂಟ್ ಒಂದು ಬರಲಿಲ್ಲ. ಪೇಟೆಯ ಕರೆಂಟ್ ಆಫೀಸಿನ ಗುಮಾಸ್ತರಿಗೆ ಒಂದು ಮೂಟೆ ಕಾಯಿ ತಲುಪದೆ ತಂತಿ ಅಲುಗುತ್ತಿರಲಿಲ್ಲ. ತೋಟವಿದ್ದ ನಮ್ಮಂಥವರ ಪಂಪ್‌ಸೆಟ್ಟಿಗೆಲ್ಲ ಕರೆಂಟ್ ಬಂದದ್ದೂ ಹಾಗೆಯೇ. ಮೇಲಿನಕೇರಿಯವರಿಗೋ ಒಂದು ಮರವೂ ಇರಲಿಲ್ಲ. ನಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದ ರಂಗಮ್ಮ, ಬಸುರಿ ಸೊಸೆಯನ್ನು ಕರೆದುಕೊಂಡು ಕೆರೆಯಂಗಳದಿಂದ ನೀರು ಹೊರುತ್ತಿದ್ದಳು. ನಾನು ಬಿ.ಎ. ಮುಗಿಸಿ ಬಂದಿದ್ದೆನಲ್ಲ, ಸೊಗಸಾದ ಭಾಷೆಯಲ್ಲಿ ಅರ್ಜಿ ಬರೆದೆ. ಗುಮಾಸ್ತರು ಅದನ್ನು ಮಡಿಸಿ, ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟರು.

"ನಿನ್ ಅರ್ಜಿ ಅತ್ಲಾಗಿ ಬುಡು ಕಣ್ಲಾ. ಕಾಯಿ ಹೆಂಗ್ ಕೊಡ್ಬೇಕು ಅಂತ ನಂಗೊತ್ತು" ಎಂದಳು ದೊಡ್ಡಮ್ಮ.

ಮಾರನೆಯ ದಿನ ರಂಗಮ್ಮನನ್ನೂ ನಮ್ಮ ಮನೆಯ ಹೆಂಗಸರನ್ನೂ ಬಸ್ಸು ಹತ್ತಿಸಿಕೊಂಡು, ಹಾಡಹಗಲೇ ಗುಮಾಸ್ತರ ಮನೆಗೇ ಹೋದಳು. ಚೀಲ ಹೊರಲು ನಾನು. ಅವರ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಅಕ್ಕಿ, ಬೆಲ್ಲ, ರವಿಕೆ ಕಣ, ಕಾಯಿ ಇಟ್ಟು ಮಡಿಲು ತುಂಬಿದಳು. ತೌರಿನವರು ಮಗಳಿಗೆ ಮಾಡುವ ಶಾಸ್ತ್ರ ಅದು. ಒಂದು ಹಿಡಿ ಅಕ್ಕಿಯನ್ನು ರಂಗಮ್ಮನ ಕೈಯಿಂದಲೂ ಹಾಕಿಸಿದಳು.

"ಇವತ್ತಿಂದ ನೀನು ನಮ್ಮೂರ ಮಗಳು ಕಣವ್ವ."

ತಾಯಿ ಇಲ್ಲದ ಹೆಣ್ಣುಮಗಳು, ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ ಕಾಫಿ ಕೊಟ್ಟಳು. ಮೇಲಿನಕೇರಿಯ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಊಟಕ್ಕೆ ಬಂದ ಗುಮಾಸ್ತರು ನಡುಮನೆ ತುಂಬ ಹೆಂಗಸರನ್ನು ಕಂಡು ಹೊಸಲಲ್ಲೇ ನಿಂತರು.

"ಬನ್ನಿ ಅಳಿಯಂದ್ರೇ" ಎಂದಳು ದೊಡ್ಡಮ್ಮ.

ಹೆಂಡತಿ ಬಿಡಲಿಲ್ಲ. "ನಮ್ಮ ತೌರಲ್ಲಿ ಕುಡಿಯೋಕೆ ನೀರಿಲ್ವಂತೆ ಕಣ್ರೀ. ನೀವು ಮೂಟೆ ಕಾಯಿ ಕೇಳಿದ್ರಂತೆ. ಮಾವನ ಮನೇಲೂ ಕೈ ಚಾಚ್ತೀರಾ?"

ಆ ವಾರವೇ ತಂತಿ ಬಂತು. ಸುದ್ದಿ ಹಬ್ಬಿ ಅಕ್ಕಪಕ್ಕದ ಹಳ್ಳಿಗಳ ಹೆಂಗಸರೂ ಅಕ್ಕಿ ಬೆಲ್ಲ ಕಟ್ಟಿಕೊಂಡು ಹೊರಟರು. ಪಾಪ, ಗುಮಾಸ್ತರಿಗೆ ಯಾವ ಊರಿಗೆ ಹೋದರೂ ಮಾವನ ಮನೆಯೇ.

ನಲ್ಲಿಯಲ್ಲಿ ನೀರು ಬಂದ ದಿನ ಕೇರಿಗೆ ಕೇರಿಯೇ ಕುಣಿಯಿತು. ರಂಗಮ್ಮನೂ ನಕ್ಕಳು. ಆದರೆ ಕೊಡ ತುಂಬಿಸಿಕೊಳ್ಳುತ್ತ ಕೇಳಿದಳು: "ಅಲ್ಲ ಕಣ್ರವ್ವ, ಅವ್ರು ನಂಟರಾಗ್ದೆ ಇದ್ದಿದ್ರೆ ನಮ್ಗೆ ನೀರು ಬತ್ತಿರ್ಲಿಲ್ವಾ?"

ಎಂಥ ಮಾತಿಗೂ ಎದುರುತ್ತರ ಕೊಡುವ ದೊಡ್ಡಮ್ಮ, ಕೊಡ ತುಂಬಿ ಚೆಲ್ಲುತ್ತಿದೆಯೆಂದು ಬಗ್ಗಿ ನಲ್ಲಿ ಬಂದ್ ಮಾಡಿದಳು.

ಮೊನ್ನೆ ಕಚೇರಿಯ ಕಿಟಕಿಯ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ನನ್ನ ಪಹಣಿ ತೆಗೆದು, ಸೀಲು ಒತ್ತಿ, ಕೈಗಿತ್ತಳು. ಅಷ್ಟು ಸಲೀಸಾಗಿ ಕೆಲಸವಾದದ್ದು ನೋಡಿ ನನಗೆ ಗಾಬರಿಯೇ ಆಯಿತು. ಏನಾದರೂ ನಂಟಸ್ತಿಕೆ ಇದ್ದೀತೆಂದು ಕೇಳಿದೆ: "ಯಾವೂರಮ್ಮ ನಿಂದು? ಬಿಳಿಗೆರೆ ಕಡೇನಾ, ಕಂದಿಕೆರೆ ಕಡೇನಾ?"

"ಯಾವೂರಾದ್ರೇನು ಸಾರ್, ನಿಮ್ ಕೆಲಸ ಆಯ್ತಲ್ಲ. ಸ್ವಲ್ಪ ಪಕ್ಕಕ್ಕೆ ಬನ್ನಿ, ಹಿಂದೆ ಜನ ಅವ್ರೆ."

ಸರಿದೆ. ಅಷ್ಟು ಸಂತೋಷದಿಂದ ನಾನು ಯಾವ ಸಾಲಿನಲ್ಲೂ ಪಕ್ಕಕ್ಕೆ ಸರಿದಿರಲಿಲ್ಲ.